ಸಂಬಳ ಡಾಲರಿನಲ್ಲಿ, ಲೆಕ್ಕ ರೂಪಾಯಿಯಲ್ಲಿ

ಬಾಗಲಗುಂಟೆಯಲ್ಲಿ ರೂಮು ಹುಡುಕಿಕೊಂಡು ಬರುವ ಹುಡುಗರು ಈಗ ನೀರು, ಪಾರ್ಕಿಂಗ್ ವಿಚಾರಿಸುವ ಮೊದಲು ಇಂಟರ್‌ನೆಟ್ ಹೇಗಿದೆ ಎಂದು ಕೇಳುತ್ತಾರೆ. ಮೊದಲು ಇಲ್ಲಿ ಮನೆ ಹಿಡಿಯುತ್ತಿದ್ದವರಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು. ಐಟಿಐ ಮುಗಿಸಿದ ಫಿಟ್ಟರ್, ಟರ್ನರ್, ಸಿಎನ್‌ಸಿ ಆಪರೇಟರ್, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಅವರು ಈಗಲೂ ಇದ್ದಾರೆ. ಅದೇ ಬೀದಿಯಲ್ಲಿ ರಾತ್ರಿ ಎರಡರವರೆಗೆ ದೀಪ ಉರಿಯುವ ಕೋಣೆಗಳೂ ಈಗ ಕಾಣುತ್ತವೆ. ಅಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರ ಮ್ಯಾನೇಜರ್ ಟೆಕ್ಸಾಸ್‌ನಲ್ಲೋ ಬರ್ಲಿನ್‌ನಲ್ಲೋ ಇರುತ್ತಾರೆ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೊ ಬಂದಾಗ ಏರಿಯಾದವರೆಲ್ಲ ಖುಷಿಪಟ್ಟೆವು. ಇವರಿಗೆ ಆಫೀಸಿಗೆ ಹೋಗಲು ಅದೂ ಬೇಡ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಸಂಬಳದ ಪಟ್ಟಿ ಮಾಡುವವಳು. ಬಿ.ಕಾಂ. ಓದಿದ್ದೇನೆ, ಪೇರೋಲ್ ಕೆಲಸದಲ್ಲಿದ್ದೇನೆ ಎಂದು ಗೊತ್ತಾದ ಮೇಲೆ ಅಕ್ಕಪಕ್ಕದ ಹುಡುಗ ಹುಡುಗಿಯರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ‘ಅಕ್ಕಾ, ಡಾಲರ್‌ನಲ್ಲಿ ಸಂಬಳ ಬಂದರೆ ಎಷ್ಟು ಟ್ಯಾಕ್ಸ್?’ ಎಂಬುದು ಅವರ ಮೊದಲ ಪ್ರಶ್ನೆ. ಡಾಲರ್‌ಗೆ ಅಂತ ಬೇರೆ ತೆರಿಗೆ ಇಲ್ಲ. ನೀವು ಭಾರತದ ನಿವಾಸಿ, ಇಲ್ಲೇ ಕೂತು ಕೆಲಸ ಮಾಡುತ್ತೀರಿ, ಹಾಗಾಗಿ ಹಣ ಯಾವ ದೇಶದಿಂದ ಬಂದರೂ ಆದಾಯ ಇಲ್ಲಿನದೇ. ರೂಪಾಯಿಗೆ ತಿರುಗಿಸಿ ಎಲ್ಲರಂತೆ ತೆರಿಗೆ ಕಟ್ಟಬೇಕು. ಆದರೆ ‘ಎಷ್ಟು’ ಎಂದು ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಕಂಪನಿ ನಿಮಗೆ ಕಳಿಸಿದ ಕಾಗದದ ಮೇಲೆ ಏನಂತ ಬರೆದಿದೆ? ಹತ್ತರಲ್ಲಿ ಎಂಟು ಜನ ಅದನ್ನು ಓದಿರುವುದಿಲ್ಲ. ತಿಂಗಳಿಗೆ ಎಷ್ಟು ಡಾಲರ್ ಎಂಬ ಸಾಲನ್ನಷ್ಟೇ ಓದಿರುತ್ತಾರೆ.

ಪೀಣ್ಯದ ಸ್ಲಿಪ್‌ನಲ್ಲಿ ಏನಿದೆ?

ಮೊದಲು ಒಂದು ಸಾಧಾರಣ ಸಂಬಳದ ಚೀಟಿ ನೋಡೋಣ. ಕಾರ್ಖಾನೆಯ ಒಬ್ಬ ಕಾರ್ಮಿಕನಿಗೆ ತಿಂಗಳಿಗೆ 20 ಸಾವಿರ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15 ಸಾವಿರ ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಶೇ 12ರಂತೆ 1,800 ರೂಪಾಯಿ ಹೋಗುತ್ತದೆ. ಇಎಸ್‌ಐಗೆ ಶೇ 0.75ರಂತೆ 150. ಕೈಗೆ ಬರುವುದು 18,050. ಹೊಸದಾಗಿ ಸೇರಿದ ಹುಡುಗರು ಇದನ್ನು ನೋಡಿ ‘ಇಷ್ಟೊಂದು ಕಟಿಂಗಾ?’ ಎಂದು ನನ್ನ ಮೇಲೇ ಸಿಟ್ಟಾಗುತ್ತಾರೆ. ಸ್ಲಿಪ್‌ನ ಇನ್ನೊಂದು ಬದಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮಾಲೀಕರೂ ಪಿಎಫ್‌ಗೆ 1,800 ಹಾಕುತ್ತಾರೆ, ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಇಎಸ್‌ಐಗೆ ಶೇ 3.25ರಂತೆ 650 ಕಟ್ಟುತ್ತಾರೆ. ಮನೆಯವರಿಗೆ ಹುಷಾರು ತಪ್ಪಿದರೆ ಇಎಸ್‌ಐ ಆಸ್ಪತ್ರೆ ಇದೆ. ಸಂಬಳ 25 ಸಾವಿರ ಮುಟ್ಟಿದರೆ ರಾಜ್ಯ ಸರ್ಕಾರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. 2025ರ ಏಪ್ರಿಲ್‌ನಿಂದ ಹೀಗೆ ವರ್ಷಕ್ಕೆ ಸರಿಯಾಗಿ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿ ಹಾಕಿರುವ ಮಿತಿಯೂ ಅಷ್ಟೇ. 1988ರ ತಿದ್ದುಪಡಿಯಿಂದ ಆ ಮಿತಿ ಬದಲಾಗಿಲ್ಲ.

ಈಗ ಪಕ್ಕದ ಬೀದಿಯ ಹುಡುಗನ ಲೆಕ್ಕ. ತಿಂಗಳಿಗೆ 1,500 ಡಾಲರ್. ಲೆಕ್ಕದ ಸುಲಭಕ್ಕೆ ಡಾಲರ್‌ಗೆ 85 ರೂಪಾಯಿ ಎಂದು ಹಿಡಿದರೆ 1,27,500. ಯಾವ ಕಡಿತವೂ ಇಲ್ಲ. ಅಪ್ಪನ ಸಂಬಳದ ಆರು ಪಟ್ಟು ಮಗನಿಗೆ! ಮನೆಯಲ್ಲಿ ಹಬ್ಬ. ಹಬ್ಬ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಕಡೆಯಿಂದ ಯಾರೂ ಏನನ್ನೂ ಕಡಿಯುತ್ತಿಲ್ಲ ಎಂದರೆ, ಆ ಕಡೆಯಿಂದ ಯಾರೂ ಏನನ್ನೂ ಸೇರಿಸುತ್ತಲೂ ಇಲ್ಲ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಹೆರಿಗೆ ರಜೆ ಇಲ್ಲ, ವಿಮೆ ಇಲ್ಲ. ತೆರಿಗೆಯೂ ಕಡಿತವಾಗಿಲ್ಲ, ಹಾಗಾಗಿ ಖಾತೆಯಲ್ಲಿರುವ ಹಣದಲ್ಲಿ ಒಂದಷ್ಟು ಸರ್ಕಾರದ್ದಾಗಿರಬಹುದು. ನಮ್ಮ ಕಾರ್ಖಾನೆಯಲ್ಲಿ ನಾನು ಮಾಡುವ ಕೆಲಸವನ್ನು ಇಲ್ಲಿ ಮಾಡುವವರು ಯಾರು? ಆ ಹುಡುಗನೇ. ನೌಕರನೂ ಅವನೇ, ಪೇರೋಲ್ ವಿಭಾಗವೂ ಅವನೇ.

ನೌಕರನೋ, ಗುತ್ತಿಗೆದಾರನೋ?

ವಿದೇಶದ ಕಂಪನಿಗೆ ಇಲ್ಲಿ ಕಚೇರಿ ಇಲ್ಲದಿದ್ದಾಗ ಅದು ನಿಮ್ಮನ್ನು ಮೂರು ರೀತಿಯಲ್ಲಿ ತೆಗೆದುಕೊಳ್ಳಬಹುದು. ನೇರವಾಗಿ ನೌಕರನೆಂದು, ‘ಇಂಡಿಪೆಂಡೆಂಟ್ ಕಾಂಟ್ರಾಕ್ಟರ್’ ಎಂದು, ಅಥವಾ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎಂಬ ಭಾರತದ ಮಧ್ಯವರ್ತಿ ಸಂಸ್ಥೆಯ ಮೂಲಕ. ಮೂರನೆಯದರಲ್ಲಿ ತಲೆನೋವಿಲ್ಲ. ಕಾಗದದ ಮೇಲೆ ಆ ಸಂಸ್ಥೆಯೇ ನಿಮ್ಮ ಮಾಲೀಕ. ಸಂಬಳ ರೂಪಾಯಿಯಲ್ಲಿ ಬರುತ್ತದೆ, ಟಿಡಿಎಸ್, ಪಿಎಫ್, ವೃತ್ತಿ ತೆರಿಗೆ ಎಲ್ಲ ಕಡಿತವಾಗಿ ಫಾರ್ಮ್ 16 ಸಿಗುತ್ತದೆ. ಮೊದಲನೆಯದು ಅಪರೂಪ. ನಮ್ಮ ಹುಡುಗರಿಗೆ ಸಿಗುವುದು ಬಹುಪಾಲು ಎರಡನೆಯದು, ಮತ್ತು ಗೊಂದಲವಿರುವುದೂ ಅಲ್ಲೇ.

ಗೊಂದಲದ ಗಾತ್ರ ಎಷ್ಟೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ತಿಂಗಳಿಗೆ 1,500 ಡಾಲರ್ ಎಂದರೆ ವರ್ಷಕ್ಕೆ 15.3 ಲಕ್ಷ ರೂಪಾಯಿ. ಇದು ಸಂಬಳ ಎಂದಾದರೆ, 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 14.55 ಲಕ್ಷಕ್ಕೆ ತೆರಿಗೆ. ಮೊದಲ 4 ಲಕ್ಷಕ್ಕೆ ಏನಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5, ಆಮೇಲಿನ 4 ಲಕ್ಷಕ್ಕೆ ಶೇ 10, ಉಳಿದ 2.55 ಲಕ್ಷಕ್ಕೆ ಶೇ 15. ಒಟ್ಟು 98,250, ಸೆಸ್ ಸೇರಿ 1,02,180 ರೂಪಾಯಿ. ಅದೇ ಹಣ ‘ವೃತ್ತಿಯ ಆದಾಯ’ ಎಂದಾದರೆ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಬರುತ್ತದೆ. ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನದಂಥ ಪಟ್ಟಿಯಲ್ಲಿರುವ ವೃತ್ತಿಗಳವರು ಬಂದ ಹಣದ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು, ಖರ್ಚಿನ ಲೆಕ್ಕ ಕೇಳುವುದಿಲ್ಲ. ಅರ್ಧ ಎಂದರೆ 7.65 ಲಕ್ಷ. 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ.

ಒಂದೇ ಹುಡುಗ, ಒಂದೇ ಕೆಲಸ, ಒಂದೇ ಹಣ. ಒಂದು ಕಡೆ ಲಕ್ಷ ರೂಪಾಯಿ ತೆರಿಗೆ, ಇನ್ನೊಂದು ಕಡೆ ಏನೂ ಇಲ್ಲ. ಇದು ಗೊತ್ತಾದ ಕೂಡಲೇ ಎಲ್ಲರೂ ‘ಹಾಗಾದರೆ ನಾನು ಕಾಂಟ್ರಾಕ್ಟರ್’ ಎನ್ನುತ್ತಾರೆ. ಯೂಟ್ಯೂಬಿನಲ್ಲಿ ಹೇಳುವವರೂ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದು ಹೋಟೆಲಿನ ಮೆನು ಅಲ್ಲ, ಬೇಕಾದ್ದನ್ನು ಆರಿಸಿಕೊಳ್ಳಲು ಆಗುವುದಿಲ್ಲ. ಮೊದಲನೆಯದಾಗಿ ಎಲ್ಲ ಕೆಲಸವೂ ಆ ಪಟ್ಟಿಗೆ ಸೇರುವುದಿಲ್ಲ. ಗ್ರಾಹಕ ಸೇವೆಯಲ್ಲೋ ಡೇಟಾ ಎಂಟ್ರಿಯಲ್ಲೋ ಇರುವವರು ‘ನಂದೂ ಐಟಿ’ ಎಂದು ಹೇಳಿಕೊಂಡರೆ ಆಗದು. ಎರಡನೆಯದು ಇನ್ನೂ ಮುಖ್ಯ. ನೀವು ನೌಕರರೋ ಅಲ್ಲವೋ ಎಂಬುದನ್ನು ಕಾಗದದ ತಲೆಬರಹವೊಂದೇ ತೀರ್ಮಾನಿಸುವುದಿಲ್ಲ, ನಿಜವಾದ ಸಂಬಂಧ ಹೇಗಿದೆ ಎಂದು ನೋಡುತ್ತಾರೆ.

ಈ ಪ್ರಶ್ನೆ ಡಾಲರ್‌ಗಿಂತ ತುಂಬ ಹಳೆಯದು. 1950ರ ದಶಕದಲ್ಲಿ ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಗರಿಯಾಗಳು ಕಾರ್ಮಿಕರೋ ಗುತ್ತಿಗೆದಾರರೋ ಎಂಬ ವಿವಾದ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೆಲಸವನ್ನು ಹೇಗೆ ಮಾಡಬೇಕೆಂಬುದರ ಮೇಲೆ ಹಿಡಿತ ಯಾರದು ಎಂದು ನ್ಯಾಯಾಲಯ ನೋಡಿತು, ಅವರು ಕಾರ್ಮಿಕರೇ ಎಂಬುದು ಉಳಿಯಿತು. ನಮ್ಮ ಊರಿನ ಉದಾಹರಣೆಯೂ ಇದೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್‌ನ ಸಲಹಾ ವೈದ್ಯರಿಗೆ ಕೊಡುವ ಹಣ ಸಂಬಳವೇ ಎಂದು ತೆರಿಗೆ ಇಲಾಖೆ ವಾದಿಸಿತ್ತು. 2015ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಪಿಎಫ್, ಗ್ರಾಚ್ಯುಟಿಯಂಥ ಯಾವ ಸೌಲಭ್ಯವೂ ಆ ವೈದ್ಯರಿಗೆ ಇರಲಿಲ್ಲ, ಒಪ್ಪಂದವೂ ವೃತ್ತಿಪರ ಸೇವೆಯದ್ದಾಗಿತ್ತು. ಹಾಗಾಗಿ ಅದು ಶುಲ್ಕ, ಸಂಬಳವಲ್ಲ ಎಂದಿತು.

ನಿಮ್ಮ ವಿಷಯಕ್ಕೆ ಬನ್ನಿ. ಕಂಪನಿ ಲ್ಯಾಪ್‌ಟಾಪ್ ಕಳಿಸಿದೆ. ಸಂಜೆ ಆರರಿಂದ ರಾತ್ರಿ ಎರಡು ಎಂದು ಸಮಯ ನಿಗದಿ ಮಾಡಿದೆ. ರಜೆಗೆ ಮ್ಯಾನೇಜರ್ ಒಪ್ಪಿಗೆ ಬೇಕು. ಬೇರೆ ಯಾರ ಕೆಲಸವನ್ನೂ ಒಪ್ಪಿಕೊಳ್ಳುವಂತಿಲ್ಲ. ಹೀಗಿದ್ದು ‘ನಾನು ಸ್ವತಂತ್ರ ವೃತ್ತಿಪರ’ ಎಂದರೆ ಕೇಳಿದವರು ನಕ್ಕಾರು. ನೋಟಿಸ್ ಬಂದ ದಿನ ಉತ್ತರ ಕೊಡಬೇಕಾದವರು ನೀವು, ಟೆಕ್ಸಾಸ್‌ನ ಮ್ಯಾನೇಜರ್ ಅಲ್ಲ. ಬದಲಿಗೆ ಎರಡು ಮೂರು ಕಂಪನಿಗಳಿಗೆ ನಿಮ್ಮದೇ ಸಮಯದಲ್ಲಿ, ನಿಮ್ಮದೇ ಸಲಕರಣೆಯಲ್ಲಿ ಕೆಲಸ ಮಾಡಿ ಬಿಲ್ ಕಳಿಸುತ್ತಿದ್ದರೆ 44ಎಡಿಎ ನಿಮಗಾಗಿಯೇ ಇದೆ, ಹಿಂಜರಿಯಬೇಕಿಲ್ಲ.

ನೌಕರನೇ ಆಗಿದ್ದರೆ ಟಿಡಿಎಸ್ ಕಡಿಯುವ ಹೊಣೆ ವಿದೇಶಿ ಕಂಪನಿಯದೂ ಹೌದು. ಎಲೈ ಲಿಲ್ಲಿ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಭಾರತಕ್ಕೆ ಬಂದು ಕೆಲಸ ಮಾಡುತ್ತಿದ್ದ ವಿದೇಶಿ ಅಧಿಕಾರಿಗಳಿಗೆ ಸಂಬಳದ ಒಂದು ಭಾಗ ಅವರ ದೇಶದಲ್ಲೇ ವಿದೇಶಿ ಹಣದಲ್ಲಿ ಸಂದಾಯವಾಗುತ್ತಿತ್ತು. ಅದು ಇಲ್ಲಿ ಮಾಡಿದ ಕೆಲಸಕ್ಕೆ ಕೊಟ್ಟದ್ದಾದರೆ ಇಲ್ಲಿನ ಟಿಡಿಎಸ್ ನಿಯಮ ಅದಕ್ಕೂ ಅನ್ವಯ ಎಂದು ನ್ಯಾಯಾಲಯ ಹೇಳಿತು. ಸಾಗರದಾಚೆಯ ಸಣ್ಣ ಸ್ಟಾರ್ಟಪ್‌ಗೆ ಇದೆಲ್ಲ ಗೊತ್ತಿರುವುದಿಲ್ಲ. ಅವರು ಕಡಿಯದಿದ್ದರೆ ನಿಮ್ಮ ತೆರಿಗೆ ಮಾಫಿಯಾಗುವುದಿಲ್ಲ. ಮುಂಗಡ ತೆರಿಗೆಯಾಗಿ ನೀವೇ ಕಟ್ಟಬೇಕು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ತಪ್ಪಿದರೆ ತಿಂಗಳಿಗೆ ಶೇ 1ರಂತೆ ಬಡ್ಡಿ. 44ಎಡಿಎಯವರಿಗೆ ಮಾರ್ಚ್ 15ರ ಒಂದೇ ಕಂತು.

ಯಾವ ದಿನದ ಡಾಲರ್?

ಗೂಗಲ್‌ನಲ್ಲಿ ಕಾಣುವ ದರಕ್ಕೂ ತೆರಿಗೆಯ ದರಕ್ಕೂ ಸಂಬಂಧವಿಲ್ಲ. ಕಾನೂನು ಹೇಳುವುದು ಭಾರತೀಯ ಸ್ಟೇಟ್ ಬ್ಯಾಂಕಿನ ‘ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಬೈಯಿಂಗ್ ರೇಟ್’. ಎಸ್‌ಬಿಐ ಪ್ರಕಟಿಸುವ ವಿದೇಶಿ ವಿನಿಮಯ ದರಪಟ್ಟಿಯಲ್ಲಿ ಟಿಟಿ ಬೈ, ಟಿಟಿ ಸೆಲ್, ಬಿಲ್ ಬೈ ಎಂದೆಲ್ಲ ಕಾಲಂಗಳಿರುತ್ತವೆ. ನಿಮಗೆ ಬೇಕಾದ್ದು ಟಿಟಿ ಬೈ. ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲೇ ನಿಂತುಹೋಯಿತು, ಆದರೆ ತೆರಿಗೆ ನಿಯಮದಲ್ಲಿ ಆ ಹೆಸರು ಇನ್ನೂ ಗಟ್ಟಿಯಾಗಿದೆ.

ದರ ಯಾವುದೆಂದು ಗೊತ್ತಾಯಿತು, ಯಾವ ದಿನದ್ದು? 1962ರ ಆದಾಯ ತೆರಿಗೆ ನಿಯಮಾವಳಿಯ 115ನೇ ನಿಯಮ ಸಂಬಳಕ್ಕೆ ಒಂದು ದಿನ ಹೇಳುತ್ತದೆ, ವೃತ್ತಿಗೆ ಇನ್ನೊಂದು. ಸಂಬಳವಾದರೆ ಅದು ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ಸೆಪ್ಟೆಂಬರ್ 30ಕ್ಕೆ ಸಲ್ಲಬೇಕಾದ ಸಂಬಳಕ್ಕೆ ಆಗಸ್ಟ್ 31ರ ದರ. 2025ರಲ್ಲಿ ಆ ದಿನ ಭಾನುವಾರ. ಅಂಥ ಸಂದರ್ಭದಲ್ಲಿ ಅದಕ್ಕೂ ಹಿಂದೆ ಪ್ರಕಟವಾದ ದರ ಹಿಡಿಯುವುದು ರೂಢಿ. ಹೀಗಾಗಿ ನಿಮ್ಮ ಖಾತೆಗೆ ಬಿದ್ದ ರೂಪಾಯಿಗೂ ತೆರಿಗೆಗೆ ತೋರಿಸುವ ರೂಪಾಯಿಗೂ ತಾಳೆಯಾಗುವುದಿಲ್ಲ. ಇನ್ನು ಮಾಲೀಕರು ಟಿಡಿಎಸ್ ಕಡಿಯುತ್ತಿದ್ದರೆ ಅವರು 26ನೇ ನಿಯಮದಂತೆ ಕಡಿತದ ದಿನದ ದರ ಹಿಡಿಯುತ್ತಾರೆ. ಮೂರು ಕಡೆ ಮೂರು ಅಂಕಿ ಕಂಡು ಗಾಬರಿಯಾಗಬೇಡಿ, ಮೂರೂ ಸರಿ ಇರಬಹುದು.

ವೃತ್ತಿಯ ಆದಾಯಕ್ಕೆ ನಿಯಮ ಸರಳ. ಮಾರ್ಚ್ 31ರೊಳಗೆ ಬ್ಯಾಂಕಿನ ಮೂಲಕ ದೇಶಕ್ಕೆ ಬಂದ ಹಣಕ್ಕೆ ನಿಜವಾಗಿ ಸಿಕ್ಕ ರೂಪಾಯಿಯೇ ಲೆಕ್ಕ. ಬಿಲ್ ಮಾಡಿಯೂ ಬಾರದೆ ಉಳಿದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಮಾತ್ರ ಮಾರ್ಚ್ 31ರ ಟಿಟಿ ಬೈ. ಇನ್ನೊಂದು ಮಾತು. ಕಂಪನಿ ಕಳಿಸಿದ್ದು 1,500 ಡಾಲರ್, ದಾರಿಯಲ್ಲಿ ಬ್ಯಾಂಕುಗಳು 20 ಡಾಲರ್ ಕಡಿದು ಕೈಗೆ ಬಂದದ್ದು 1,480 ಎಂದಾದರೂ ಸಂಬಳದ ಲೆಕ್ಕ 1,500ಕ್ಕೇ.

ತಿಂಗಳ ಕೊನೆಗೆ ಎಸ್‌ಬಿಐ ದರಪಟ್ಟಿಯನ್ನು ಇಳಿಸಿಕೊಂಡು ಒಂದು ಫೋಲ್ಡರ್‌ನಲ್ಲಿಡಿ. ಮುಂದಿನ ಜುಲೈನಲ್ಲಿ ಹಳೆಯ ಪಟ್ಟಿ ಹುಡುಕುವುದು ಬಲು ಕಷ್ಟದ ಕೆಲಸ. ಬ್ಯಾಂಕ್ ಕೊಡುವ ಒಳಬರುವ ಹಣದ ಪ್ರಮಾಣಪತ್ರವೂ ಅಲ್ಲೇ ಇರಲಿ. ಹಣ ಬಂದಾಗ ಬ್ಯಾಂಕ್ ಒಂದು ‘ಪರ್ಪಸ್ ಕೋಡ್’ ಕೇಳುತ್ತದೆ. ಪಿ0802 ಎಂದರೆ ಸಾಫ್ಟ್‌ವೇರ್ ಸಲಹಾ ಸೇವೆ, ಪಿ1401 ಎಂದರೆ ನೌಕರರ ಸಂಭಾವನೆ. ಆ್ಯಪ್‌ನಲ್ಲಿ ಮೊದಲು ಕಂಡದ್ದನ್ನು ಒತ್ತುವವರೇ ಹೆಚ್ಚು. ಬ್ಯಾಂಕಿಗೆ ಪಿ1401 ಎಂದು ಹೇಳಿ, ರಿಟರ್ನ್‌ನಲ್ಲಿ ವೃತ್ತಿಪರ ಎಂದು ತೋರಿಸಿದರೆ ನಿಮ್ಮ ವಿರುದ್ಧ ನೀವೇ ಸಾಕ್ಷಿ ಬರೆದುಕೊಟ್ಟಂತೆ.

ಕಾಂಟ್ರಾಕ್ಟರ್ ಆದವರಿಗೆ ಜಿಎಸ್‌ಟಿಯ ಗೆರೆಯೂ ಇದೆ. ಸಂಬಳಕ್ಕೆ ಜಿಎಸ್‌ಟಿ ಇಲ್ಲ, ಸೇವೆಗೆ ಉಂಟು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ತಿಂಗಳಿಗೆ 2,000 ಡಾಲರ್ ಪಡೆಯುವವರನ್ನು ನೋಡಿ. ಡಾಲರ್‌ಗೆ 83 ರೂಪಾಯಿ ಇದ್ದಾಗ ವರ್ಷಕ್ಕೆ 19.92 ಲಕ್ಷ, ಗೆರೆಯ ಕೆಳಗೆ. 85 ಆದಾಗ 20.40 ಲಕ್ಷ, ಗೆರೆಯ ಮೇಲೆ. ಒಂದು ಡಾಲರ್ ಸಂಬಳ ಏರದೆ, ರೂಪಾಯಿ ಇಳಿದದ್ದಕ್ಕೇ ನೀವು ಜಿಎಸ್‌ಟಿ ವ್ಯಾಪ್ತಿಗೆ ಬಂದಿರಿ! ಹೆದರಬೇಕಿಲ್ಲ, ವಿದೇಶಕ್ಕೆ ಸೇವೆ ರಫ್ತು ಮಾಡಿದರೆ ತೆರಿಗೆ ದರ ಸೊನ್ನೆ. ಆದರೆ ವರ್ಷವರ್ಷವೂ ‘ಲೆಟರ್ ಆಫ್ ಅಂಡರ್‌ಟೇಕಿಂಗ್’ ಸಲ್ಲಿಸಬೇಕು. ಇಲ್ಲದಿದ್ದರೆ ಮೊದಲು ತೆರಿಗೆ ಕಟ್ಟಿ ಆಮೇಲೆ ವಾಪಸು ಕೇಳುವ ದಾರಿ. ಕ್ರಿಪ್ಟೊದಲ್ಲಿ ಕೊಡುತ್ತೇವೆ ಎನ್ನುವ ಕಂಪನಿಗಳೂ ಇವೆ. ರಫ್ತು ಎನಿಸಿಕೊಳ್ಳಲು ಪರಿವರ್ತನೀಯ ವಿದೇಶಿ ವಿನಿಮಯ ಬ್ಯಾಂಕಿನ ಮೂಲಕ ಬರಬೇಕು ಎಂಬುದನ್ನು ನೆನಪಿಟ್ಟುಕೊಂಡು ಅಂಥವರಿಗೆ ಉತ್ತರಿಸಿ.

ಅಮೆರಿಕದ ಕಂಪನಿಗಳು ‘ಡಬ್ಲ್ಯು-8ಬೆನ್’ ಎಂಬ ಫಾರ್ಮ್ ಕಳಿಸಿದಾಗ ‘ಅಲ್ಲೂ ಟ್ಯಾಕ್ಸ್ ಕಟ್ಟಬೇಕಾ?’ ಎಂದು ಓಡಿ ಬರುತ್ತಾರೆ. ಬೇಡ. ನೀವು ಅಮೆರಿಕದವರಲ್ಲ ಎಂದು ಹೇಳುವ ಫಾರ್ಮ್ ಅದು. ಕೆಲಸ ಬಾಗಲಗುಂಟೆಯಲ್ಲಿ ನಡೆದಿರುವುದರಿಂದ ಅಲ್ಲಿನ ಕಡಿತ ಇಲ್ಲ. ತಪ್ಪಿ ಡಬ್ಲ್ಯು-9 ಕಳಿಸಿದರೆ ಸಹಿ ಹಾಕಬೇಡಿ, ಅದು ಅಲ್ಲಿನವರದ್ದು.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ–2025 ಜಾರಿ. ಸೆಕ್ಷನ್, ನಿಯಮಗಳ ಸಂಖ್ಯೆ ಅದರಲ್ಲಿ ಬೇರೆ. ನಾನು ಮೇಲೆ ಹೇಳಿದ ಸಂಖ್ಯೆಗಳು 1961ರ ಕಾಯ್ದೆಯವು, 2025–26ರ ಆದಾಯಕ್ಕೆ ಅವೇ. ಆಮೇಲಿನ ಆದಾಯಕ್ಕೆ ಹೊಸ ಪುಸ್ತಕ ನೋಡಬೇಕು.

ಇನ್ನೊಂದು ತೊಂದರೆ ತಡವಾಗಿ ತಿಳಿಯುತ್ತದೆ. ಗೃಹಸಾಲಕ್ಕೆ ಹೋದಾಗ ಬ್ಯಾಂಕ್ ನೋಡುವುದು ರಿಟರ್ನ್‌ನಲ್ಲಿರುವ ಆದಾಯವನ್ನು. 44ಎಡಿಎಯಲ್ಲಿ 15.3 ಲಕ್ಷ 7.65 ಲಕ್ಷವಾಗಿರುತ್ತದೆ. ತೆರಿಗೆ ಉಳಿದದ್ದು ನಿಜ, ಸಾಲದ ಅರ್ಹತೆಯೂ ಅದರ ಜತೆಗೇ ಇಳಿಯುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಈಚೆಗೆ ಇಂಥದ್ದೇ ಆಫರ್ ಬಂತು. ಅದಕ್ಕೂ ಮೊದಲು ಎರಡು ವರ್ಷ ಪೀಣ್ಯದಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವಳು, ಟೆಸ್ಟಿಂಗ್ ಕಲಿತು ಸಾಫ್ಟ್‌ವೇರ್‌ಗೆ ಹೊರಳಿದಳು. ಒಪ್ಪಂದ ಓದಿ, ಸಹಿ ಹಾಕುವ ಮೊದಲು ಕಂಪನಿಗೆ ಒಂದು ಇಮೇಲ್ ಬರೆದಳು: ‘ಸಮಯ, ರಜೆ, ಲ್ಯಾಪ್‌ಟಾಪ್ ಎಲ್ಲ ನೀವೇ ನಿರ್ಧರಿಸುವಾಗ ನಾನು ಕಾಂಟ್ರಾಕ್ಟರ್ ಹೇಗೆ?’ ಕೆಲಸವೇ ಕೈತಪ್ಪುತ್ತದೆ ಎಂದು ಮನೆಯಲ್ಲಿ ಬೈದರು. ವಾರದ ನಂತರ ಉತ್ತರ ಬಂತು. 1,500 ಡಾಲರ್‌ಗೆ ಕಾಂಟ್ರಾಕ್ಟರ್ ಆಗಿರಬಹುದು, ಅಥವಾ 1,200 ಡಾಲರ್‌ನಷ್ಟು ರೂಪಾಯಿಗೆ ಇಲ್ಲಿನ ಸಂಸ್ಥೆಯ ಮೂಲಕ ನೌಕರಳಾಗಬಹುದು. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. 1,200 ಎಂದರೆ ವರ್ಷಕ್ಕೆ 12.24 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12 ಲಕ್ಷದೊಳಗೆ, ಆದಾಯ ತೆರಿಗೆ ಇಲ್ಲ. ವರ್ಷಕ್ಕೆ ಮೂರು ಲಕ್ಷ ಕಮ್ಮಿ. ಅವಳು ಅದನ್ನೇ ಒಪ್ಪಿಕೊಂಡಳು. ಅವಳ ಅಣ್ಣ ಈಗಲೂ ಅವಳನ್ನು ದಡ್ಡಿ ಎನ್ನುತ್ತಾನೆ. ನನಗೆ ಹಾಗನ್ನಿಸುವುದಿಲ್ಲ, ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮೊದಲ ಸ್ಲಿಪ್ ಬಂದಾಗ ಅವಳು ನನಗೆ ತೋರಿಸಿದ್ದು ಮೊತ್ತವನ್ನಲ್ಲ, ಮೂಲೆಯಲ್ಲಿದ್ದ ಯುಎಎನ್ ಸಂಖ್ಯೆಯನ್ನು. ಪೀಣ್ಯದ ಮೊದಲ ಕೆಲಸದಲ್ಲಿ ಸಿಕ್ಕಿದ್ದ ಅದೇ ಹನ್ನೆರಡು ಅಂಕಿ.